ವಿದ್ಯಾರ್ಥಿಗಳೂ ಮುದ್ರಣವಿದ್ಯೆಯೂ

ಮುದ್ರಣವಿದ್ಯೆಯು ಬಹುಕಾಲದವರೆಗೆ ಶಾಲೆಯ ಹೊರಗಣ ವಿದ್ಯೆಯಾಗಿದ್ದಿತು. ಅದನ್ನು ಕಲಿಯಬಯಸುವ ಹುಡುಗನು ಪಾಠಶಾಲೆಯನ್ನು ಬಿಟ್ಟು ಅಚ್ಚುಕೂಟದ ಬಾಗಿಲಿಗೆ ಹೋಗಬೇಕಾಗಿದ್ದಿತು. ಅಲ್ಲಿ ಮೊದಮೊದಲು ಕಸಗುಡಿಸಿ, ಮಸಿಯ ಉರುಳೆಗಳನ್ನು ಒರಸಿ, ಅಚ್ಚಾಗಿ ಬಂದ ಮೊಳೆಗಳನ್ನು ಅವುಗಳ ಮನೆಮನೆಗಳಿಗೆ ತಿರುಗಿ ಹಂಚಿ, ಹೀಗೆ ಬಹಳ ತಿಂಗಳು ಕಳೆದ ಮೇಲೆ ಅವನ ಕೈಗೆ ಮೊಳೆ ಜೋಡಿಸುವ ಸ್ಟಿಕ್ಕು ಬರುತ್ತಿದ್ದಿತು. ಶಾಲೆಯಲ್ಲಿ ಕಲಿತವನು ಅಚ್ಚಾದುದನ್ನು ಓದುವವನು. ಅಚ್ಚುಕೂಟದಲ್ಲಿ ಕಲಿತವನು ಪರರು ಬರೆದುದನ್ನು ಅಚ್ಚುಮಾಡುವವನು. ಓದುವ ವಿದ್ಯಾರ್ಥಿಯೇ ಬರೆದು, ಬರೆದುದನ್ನು ತಾನೇ ಜೋಡಿಸಿ, ತಾನೇ ಅಚ್ಚುಮಾಡಿ ಊರವರ ಕೈಗೆ ಕೊಡಬಹುದೆಂಬ ಭಾವನೆಯು ಬಹುಮಂದಿ ಉಪಾಧ್ಯಾಯರಿಗೆ ಹೊಳೆದಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಭೇದವು ಕ್ರಮವಾಗಿ ಅಳಿಯಿತು. ಅಳಿದ ಬಗೆಯೆಂತಹುದು, ಅಳಿದಾಗ ಯಾವ ಪ್ರಶ್ನೆಯು ತಲೆಯೆತ್ತಿತು ಎಂಬುದನ್ನು ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶವು.

ಈ ಚರಿತ್ರೆಯಲ್ಲಿ ಮೊದಲು ಸ್ಮರಿಸತಕ್ಕ ಹೆಸರು ಫ್ರಾನ್ಸ್ ದೇಶದ ಸೆಲೆಸ್ಟೀನ್ ಫ್ರೆನೆ ಎಂಬ ಉಪಾಧ್ಯಾಯರದು. ಅವರು ೧೮೯೬ರಲ್ಲಿ ಹುಟ್ಟಿದವರು. ಮೊದಲನೆಯ ಮಹಾಯುದ್ಧದಲ್ಲಿ ೧೯೧೭ನೆಯ ಇಸವಿಯಲ್ಲಿ ಪುಪ್ಪಸಕ್ಕೆ ಗಾಯವಾಗಿ ಹಿಂದಿರುಗಿದವರು. ೧೯೨೦ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಗೆ ಅವರ ನೇಮಕವಾಯಿತು. ಬಹಳ ಹೊತ್ತು ಗಟ್ಟಿಯಾಗಿ ಮಾತನಾಡಿ ಪಾಠ ಹೇಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಉಪಾಧ್ಯಾಯನ ಧ್ವನಿಯನ್ನೇ ನಂಬಿ ನಡೆಯುವ ತರಗತಿಯು ಅವರಿಗೆ ಒಗ್ಗದಿರಲು, ಮಕ್ಕಳೇ ಮಾಡುವ ಕೆಲಸವನ್ನು ನಂಬಿ ನಡೆಯುವ ತರಗತಿಯನ್ನು ಅವರು ಹುಡುಕಿದರು. ೧೯೨೪ರಲ್ಲಿ ಒಂದು ಚಿಕ್ಕ ಅಚ್ಚಿನ ಯಂತ್ರವನ್ನು ಕೊಂಡು ತಂದು ತರಗತಿಯೊಳಗೆ ಇರಿಸಿದರು.

ಅವರ ಪದ್ಧತಿಯು ಸರಳವಾದುದು. ಮಗುವು ತಾನು ಕಂಡುದನ್ನು, ಕೇಳಿದುದನ್ನು, ಕನಸಿನಲ್ಲಿ ಕಂಡುದನ್ನು ಕೂಡ ತನ್ನ ಮಾತಿನಲ್ಲಿಯೇ ಬರೆದು ತರಗತಿಗೆ ಓದಿ ಹೇಳುವುದು. ಬಂದ ಬರಹಗಳಲ್ಲಿ ಒಂದನ್ನು ಮಕ್ಕಳು ತಮ್ಮ ಬಹುಮತದಿಂದ ಆರಿಸುವುದು. ಆರಿಸಿದುದನ್ನು ಎಲ್ಲರೂ ಕೂಡಿ ಹಲಗೆಯ ಮೇಲೆ ತಿದ್ದುವುದು. ತಿದ್ದಿದುದನ್ನು ಒಂದೊಂದು ಪಂಕ್ತಿಯಾಗಿ ಹಂಚಿಕೊಂಡು ಮೊಳೆಗಳಲ್ಲಿ ಜೋಡಿಸಿ ಅಚ್ಚುಮಾಡುವುದು. ಅಚ್ಚಾದ ಹಾಳೆಗಳನ್ನು ದೂರದ ಮತ್ತೊಂದು ಶಾಲೆಗೆ ಕಳುಹಿಸಿ ಅಲ್ಲಿಯ ಮಕ್ಕಳ ಹಾಳೆಗಳನ್ನು ತರಿಸಿಕೊಳ್ಳುವುದು. ಅಕ್ಷರದೋಷವನ್ನು ಉಪಾಧ್ಯಾಯನು ಕೆಂಪುಮಸಿಯಲ್ಲಿ ಗುರುತಿಸಿದರೆ ಮಗುವಿಗೆ ನೋವಾಗುವುದಲ್ಲದೆ ಅದರ ಕಾರಣವು ತಿಳಿಯಲಾರದು. ಅದೇ ದೋಷವು ಅಚ್ಚಾಗಿ ಕಾಣದ ಊರಿನ ಮಕ್ಕಳ ಕಣ್ಣಿಗೆ ಬೀಳುವುದೆಂದು ತಿಳಿದ ಕ್ಷಣದಲ್ಲಿಯೇ ಮಗುವು ತನ್ನಷ್ಟಕ್ಕೆ ತಾನೇ ತಿದ್ದಲು ತೊಡಗುವುದು. ಮೊಳೆಯನ್ನು ತಿರುವುಮುರುವಾಗಿ ಓದಬೇಕಾದುದರಿಂದ ಪ್ರತಿಯೊಂದು ಅಕ್ಷರದ ಆಕಾರವೂ ಅದರ ಮನಸ್ಸಿನಲ್ಲಿ ನೆಲೆಯೂರುವುದು. ಈ ಅನುಭವಗಳನ್ನು ಫ್ರೆನೆಯವರು ೧೯೨೭ರಲ್ಲಿ ಶಾಲೆಯ ಮುದ್ರಣವನ್ನು ಕುರಿತ ತಮ್ಮ ಪುಸ್ತಕದಲ್ಲಿ ಪ್ರಕಟಿಸಿದರು. ಅವರ ಮಾರ್ಗವನ್ನು ಹಿಡಿದ ಉಪಾಧ್ಯಾಯರು ಅದೇ ವರ್ಷ ತೂರ್ ನಗರದಲ್ಲಿ ಸಭೆ ಸೇರಿದರು.

ಆದರೆ ಅಚ್ಚಾದ ಮಾತಿಗೆ ಬಾಯಿಮಾತಿಗಿಲ್ಲದ ಬಲವಿರುವುದು. ೧೯೨೮ರಲ್ಲಿ ಫ್ರೆನೆಯವರು ಸೇಂಟ್-ಪಾಲ್ ಎಂಬ ಊರಿಗೆ ಬಂದರು. ಅಲ್ಲಿ ಒಬ್ಬ ಹುಡುಗನು ತನ್ನ ಕನಸೊಂದನ್ನು ಬರೆದನು. ಆ ಕನಸಿನಲ್ಲಿ ಊರಿನ ಮೇಯರನ ಕೊಲೆಯು ನಡೆದಿದ್ದಿತು. ಶಾಲೆಯ ಹಾಳೆಯಲ್ಲಿ ಅಚ್ಚಾದ ಆ ಬರಹವನ್ನು ಹಿಡಿದುಕೊಂಡು ೧೯೩೨ರ ಕೊನೆಯಲ್ಲಿ ಅವರ ವಿರೋಧಿಗಳು ಊರ ಗೋಡೆಗಳ ಮೇಲೆ ಭಿತ್ತಿಪತ್ರಗಳನ್ನು ಅಂಟಿಸಿದರು. ಗದ್ದಲವು ಬೆಳೆದು ೧೯೩೩ರಲ್ಲಿ ಫ್ರೆನೆಯವರು ಆ ಶಾಲೆಯನ್ನು ಬಿಡಬೇಕಾಯಿತು. ೧೯೩೫ರಲ್ಲಿ ವಾನ್ಸ್ ಎಂಬಲ್ಲಿ ತಮ್ಮದೇ ಆದ ಶಾಲೆಯನ್ನು ತೆರೆದರು. ಮಗುವು ಗೆಳೆಯರ ನಡುವೆ ಹೇಳಿದ್ದರೆ ನಗೆಯಲ್ಲಿ ಮುಗಿಯಬಹುದಾಗಿದ್ದ ಕನಸು ಅಚ್ಚಾದುದರಿಂದ ಒಬ್ಬ ಉಪಾಧ್ಯಾಯನ ಸ್ಥಾನವನ್ನೇ ಕದಲಿಸಿತು. ಮಕ್ಕಳ ಕೈಗೆ ಮುದ್ರಣವು ಬಂದೊಡನೆ ಹಿರಿಯರ ಮನಸ್ಸಿನಲ್ಲಿ ಅಂಜಿಕೆಯೂ ಬರುವುದೆಂಬುದಕ್ಕೆ ಇದು ಮೊದಲಿನ ದೃಷ್ಟಾಂತಗಳಲ್ಲಿ ಒಂದು.

ಎರಡನೆಯ ದೃಷ್ಟಾಂತವು ಅಮೆರಿಕದ ಸಂಯುಕ್ತ ಸಂಸ್ಥಾನದ್ದು. ಅಲ್ಲಿಯ ಹೈಸ್ಕೂಲುಗಳಲ್ಲಿ ವಿದ್ಯಾರ್ಥಿಗಳ ಪತ್ರಿಕೆಯೂ ವರ್ಷಾಂತ್ಯದ ಸಂಚಿಕೆಯೂ ಹಿಂದಿನಿಂದ ನಡೆದುಬಂದ ಸಂಪ್ರದಾಯವು. ಆಫ್‌ಸೆಟ್ ಮುದ್ರಣವು ಹರಡಿದ ಮೇಲೆ ಈ ಪತ್ರಿಕೆಗಳ ಪುಟಗಳನ್ನು ಅಂಟಿಸಿ ಕಟ್ಟುವ ಪದ್ಧತಿಯು ರೂಢಿಗೆ ಬಂದಿತು. ವಿದ್ಯಾರ್ಥಿಗಳು ಟೈಪುಮಾಡಿದ ಲೇಖನಗಳು ಹೊರಗಿನ ಅಚ್ಚುಕೂಟಕ್ಕೆ ಹೋಗಿ, ಅಲ್ಲಿಂದ ಉದ್ದವಾದ ಛಾಯಾಕಾಗದದ ಪಟ್ಟಿಗಳಾಗಿ ಹಿಂದಿರುಗುತ್ತಿದ್ದವು. ಆ ಪಟ್ಟಿಗಳ ಬೆನ್ನಿಗೆ ಮೇಣವನ್ನು ಸವರಿ, ಹರಿತವಾದ ಚೂರಿಯಿಂದ ಕತ್ತರಿಸಿ, ತಿಳಿನೀಲಿ ಗೆರೆಗಳನ್ನು ಎಳೆದ ರಟ್ಟಿನ ಮೇಲೆ ನೇರವಾಗಿ ಕೂರಿಸಬೇಕು. ಛಾಯಾಯಂತ್ರಕ್ಕೆ ಆ ನೀಲಿಯು ಕಾಣದು. ದೊಡ್ಡ ತಲೆಬರಹಗಳಿಗೆ ತಿಕ್ಕಿದರೆ ಅಂಟಿಕೊಳ್ಳುವ ಅಕ್ಷರಗಳ ಹಾಳೆಗಳಿದ್ದವು. ತಲೆಬರಹವು ಅಂಕಣದ ಅಗಲದಲ್ಲಿ ಹಿಡಿಸುವುದೋ ಇಲ್ಲವೋ ಎಂಬುದನ್ನು ಅಕ್ಷರಗಳನ್ನು ಎಣಿಸಿ ಮೊದಲೇ ಲೆಕ್ಕ ಹಾಕಬೇಕಾಗಿದ್ದಿತು. ಸಿದ್ಧವಾದ ರಟ್ಟಿನ ಛಾಯಾಚಿತ್ರವನ್ನು ತೆಗೆದು ಲೋಹದ ತಗಡಿಗೆ ಇಳಿಸಿ ಅಚ್ಚುಮಾಡುತ್ತಿದ್ದರು. ಈ ಕೆಲಸದಲ್ಲಿ ಕಲಿಯತಕ್ಕದ್ದು ಬಹಳವಿದ್ದಿತು. ಆದರೆ ಕೊನೆಯ ಗಳಿಗೆಯಲ್ಲಿ ಬದಲಾಯಿಸುವುದು ಬಹು ಕಷ್ಟವಾಗಿದ್ದಿತು. ಒಂದು ಲೇಖನವನ್ನು ಕಿತ್ತರೆ ಆ ತೆರವನ್ನು ತುಂಬಲು ಹೊಸ ಪಟ್ಟಿಯು ಹೊರಗಿನಿಂದಲೇ ಬರಬೇಕಾಗಿದ್ದಿತು.

ಈ ಕಷ್ಟವು ಒಂದು ನ್ಯಾಯವಿವಾದದೊಳಕ್ಕೂ ಪ್ರವೇಶಿಸಿತು. ಮಿಸೂರಿ ಪ್ರಾಂತದ ಸೇಂಟ್ ಲೂಯಿ ಜಿಲ್ಲೆಯ ಹೇಝಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ ಪತ್ರಿಕೋದ್ಯಮದ ತರಗತಿಯ ವಿದ್ಯಾರ್ಥಿಗಳು 'ಸ್ಪೆಕ್ಟ್ರಮ್' ಎಂಬ ಪತ್ರಿಕೆಯನ್ನು ಹೊರಡಿಸುತ್ತಿದ್ದರು. ೧೯೮೨-೮೩ನೆಯ ಸಾಲಿನಲ್ಲಿ ಅದರ ೪,೫೦೦ಕ್ಕೂ ಮಿಕ್ಕ ಪ್ರತಿಗಳು ಹಂಚಿಕೆಯಾಗಿದ್ದವು. ಅಚ್ಚಿನ ವೆಚ್ಚದ ಬಹುಭಾಗವನ್ನು ಶಾಲಾಮಂಡಲಿಯು ಭರಿಸುತ್ತಿದ್ದಿತು. ೧೯೮೩ರ ಮೇ ೧೦ನೆಯ ತಾರೀಖು ಪುಟಗಳ ಪ್ರೂಫುಗಳು ವಾಡಿಕೆಯಂತೆ ಪ್ರಿನ್ಸಿಪಾಲರ ಕೈಗೆ ಬಂದವು. ಪತ್ರಿಕೆಯು ೧೩ನೆಯ ತಾರೀಖು ಹೊರಡಬೇಕಾಗಿದ್ದಿತು. ಅದರಲ್ಲಿ ಆ ಶಾಲೆಯ ಮೂವರು ವಿದ್ಯಾರ್ಥಿನಿಯರು ಗರ್ಭಿಣಿಯರಾದ ವಿಷಯವನ್ನು ಹೆಸರು ಬದಲಾಯಿಸಿ ಬರೆದ ಒಂದು ಲೇಖನವೂ, ತಂದೆತಾಯಿಗಳ ವಿವಾಹವಿಚ್ಛೇದನವು ಮಕ್ಕಳಿಗೆ ಉಂಟುಮಾಡುವ ಪರಿಣಾಮವನ್ನು ಕುರಿತ ಮತ್ತೊಂದು ಲೇಖನವೂ ಇದ್ದವು. ಹೆಸರು ಬದಲಾದರೂ ಆ ಹುಡುಗಿಯರ ಗುರುತು ಸಿಕ್ಕೀತೆಂದೂ, ತಂದೆಯ ಮೇಲೆ ಮಗಳು ಹೇಳಿದ ಮಾತಿಗೆ ಪ್ರತ್ಯುತ್ತರ ಕೊಡುವ ಅವಕಾಶವು ಆ ತಂದೆಗೆ ದೊರೆತಿಲ್ಲವೆಂದೂ ಪ್ರಿನ್ಸಿಪಾಲರು ಶಂಕಿಸಿದರು. ತಿದ್ದಿ ಅಚ್ಚುಮಾಡಲು ಕಾಲವಿಲ್ಲ, ತಡಮಾಡಿದರೆ ಶಾಲೆಯ ವರ್ಷವೇ ಮುಗಿದುಹೋಗುವುದು ಎಂದು ಭಾವಿಸಿ, ಆರು ಪುಟಗಳ ಸಂಚಿಕೆಯಿಂದ ಎರಡು ಪುಟಗಳನ್ನು ಪೂರ್ತಿಯಾಗಿ ತೆಗೆಯಿಸಿದರು. ಆ ಪುಟಗಳಲ್ಲಿ ಬೇರೆ ನಾಲ್ಕು ಲೇಖನಗಳೂ ಇದ್ದವು. ಅವುಗಳ ವಿಷಯದಲ್ಲಿ ಪ್ರಿನ್ಸಿಪಾಲರಿಗೆ ಯಾವ ಆಕ್ಷೇಪಣೆಯೂ ಇರಲಿಲ್ಲ. ಅದೇ ಪುಟಗಳಲ್ಲಿ ಇದ್ದುದೇ ಅವುಗಳ ಅಪರಾಧವು.

ವಿದ್ಯಾರ್ಥಿನಿಯರು ಮೂವರು ನ್ಯಾಯಾಸ್ಥಾನಕ್ಕೆ ಮೊರೆಹೊಕ್ಕರು. ೧೯೮೫ರಲ್ಲಿ ಕೆಳಗಣ ನ್ಯಾಯಾಲಯವು ಶಾಲೆಯ ಪರವಾಗಿ ತೀರ್ಪನ್ನು ಕೊಟ್ಟಿತು. ೧೯೮೬ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ತಿರುಗಿಸಿ ವಿದ್ಯಾರ್ಥಿನಿಯರ ಪರವಾಗಿ ನಿಂತಿತು. ವಿವಾದವು ಅಲ್ಲಿಂದ ಆ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿತು.

ಈ ವಿವಾದವು ಮೆಟ್ಟಿಲನ್ನು ಏರುತ್ತಿದ್ದ ಕಾಲದಲ್ಲಿಯೇ ಪುಟವನ್ನು ಕಟ್ಟುವ ವಿದ್ಯೆಯು ತಲೆಕೆಳಗಾಗುತ್ತಿದ್ದಿತೆಂಬುದು ಗಮನಾರ್ಹವಾದುದು. ೧೯೮೪ರ ಜನವರಿಯಲ್ಲಿ ಆಪಲ್ ಕಂಪೆನಿಯ ಮ್ಯಾಕಿಂಟಾಷ್ ಗಣಕವು ೨,೪೯೫ ಡಾಲರುಗಳ ಬೆಲೆಗೆ ಹೊರಬಂದಿತು. ೧೯೮೫ರಲ್ಲಿ ಅದೇ ಕಂಪೆನಿಯ ಲೇಸರ್‌ರೈಟರ್ ಮುದ್ರಕವು ಬಂದಿತು. ಅದರ ಬೆಲೆ ೬,೯೯೫ ಡಾಲರು, ಅದರ ಅಚ್ಚು ಅಂಗುಲವೊಂದಕ್ಕೆ ೩೦೦ ಚುಕ್ಕೆಗಳಷ್ಟು ನಯವಾದುದು. ಅದರೊಳಗೆ ಕೆಲಸಮಾಡುತ್ತಿದ್ದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವರ್ಣನೆಯ ಭಾಷೆಯನ್ನು ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ ಎಂಬವರು ೧೯೮೨ರಲ್ಲಿ ಸ್ಥಾಪಿಸಿದ ಅಡೋಬಿ ಸಂಸ್ಥೆಯು ರಚಿಸಿದ್ದಿತು. ಈ ಭಾಷೆಯಲ್ಲಿ ಅಕ್ಷರವು ಚುಕ್ಕೆಗಳ ಗುಂಪಲ್ಲ, ಅಂಚುಗೆರೆಗಳ ಗಣಿತರೂಪವು. ಆದುದರಿಂದ ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಅದು ಕೆಡುವುದಿಲ್ಲ. ಅದೇ ವರ್ಷದ ಜುಲೈಯಲ್ಲಿ ಸಿಯಾಟಲ್ ನಗರದ ಆಲ್ಡಸ್ ಎಂಬ ಸಂಸ್ಥೆಯು ಪೇಜ್‌ಮೇಕರ್ ಎಂಬ ತಂತ್ರಾಂಶವನ್ನು ೪೯೫ ಡಾಲರಿಗೆ ಮಾರತೊಡಗಿತು. ಸಂಸ್ಥೆಯ ಸ್ಥಾಪಕರಾದ ಪಾಲ್ ಬ್ರೇನರ್ಡರು ವೃತ್ತಪತ್ರಿಕೆಗಳ ಕೆಲಸವನ್ನು ಒಳಗಿನಿಂದ ಬಲ್ಲವರು. ಹದಿನೈದನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದಲ್ಲಿ ಮುದ್ರಣವನ್ನು ಆರಂಭಿಸಿದ ಆಲ್ಡಸ್ ಮನುಶಿಯಸನ ಹೆಸರನ್ನು ಅವರು ತಮ್ಮ ಸಂಸ್ಥೆಗೆ ಇಟ್ಟರು. ಮೇಜಿನ ಮೇಲಣ ಈ ಮುದ್ರಣಕ್ಕೆ 'ಡೆಸ್ಕ್‌ಟಾಪ್ ಪಬ್ಲಿಷಿಂಗ್' ಎಂಬ ಹೆಸರು ಬಳಕೆಗೆ ಬಂದುದೂ ಅವರಿಂದಲೇ. ಅದರ ಮೊದಲಕ್ಷರಗಳೇ ಕನ್ನಡನಾಡಿನ ಬೀದಿಬೀದಿಗಳ ಫಲಕಗಳಲ್ಲಿ ಕಾಣುವ ಡಿ.ಟಿ.ಪಿ.

ಒಂದು ಮುದ್ರಕಕ್ಕೆ ಹಲವು ಗಣಕಗಳನ್ನು ತಂತಿಯಿಂದ ಜೋಡಿಸಬಹುದಾಗಿದ್ದುದರಿಂದ ಈ ವಿದ್ಯೆಯು ಶಾಲೆಗಳಿಗೂ ಎಟುಕುವಂತಹದಾಯಿತು. ಮೇಣದ ಯಂತ್ರವೂ ನೀಲಿಗೆರೆಯ ರಟ್ಟೂ ಕ್ರಮೇಣ ಮೂಲೆ ಸೇರಿದವು. ಆದರೆ ಯಂತ್ರವು ಸುಲಭವಾದೊಡನೆ ವಿದ್ಯೆಯು ಸುಲಭವಾಗಲಿಲ್ಲ. ಹತ್ತಾರು ಬಗೆಯ ಅಕ್ಷರಗಳು ಕೈಗೆ ಸಿಕ್ಕಿದ ವಿದ್ಯಾರ್ಥಿಯು ಹತ್ತನ್ನೂ ಒಂದೇ ಪುಟದಲ್ಲಿ ಇಳಿಸಿದನು. ತೆರವು ಕಂಡಲ್ಲೆಲ್ಲ ಚಿತ್ರವನ್ನು ತುಂಬಿದನು. ಪ್ರತಿಯೊಂದು ಬರಹಕ್ಕೂ ಚೌಕಟ್ಟನ್ನು ಹಾಕಿದನು. ಟೈಪ್‌ರೈಟರಿನ ಅಭ್ಯಾಸದಂತೆ ವಾಕ್ಯದ ಕೊನೆಯಲ್ಲಿ ಎರಡು ತೆರವುಗಳನ್ನು ಬಿಡುವ ರೂಢಿಯೂ ಹೊಸ ಯಂತ್ರದೊಳಗೆ ನುಸುಳಿತು. ಹಿಂದೆ ಕಂಪೋಜಿಟರನ ಕೈಯಲ್ಲಿದ್ದ ವಿವೇಕವು ಇಲ್ಲಿ ಯಾರ ಕೈಯಲ್ಲಿಯೂ ಇರಲಿಲ್ಲ. ಅಕ್ಷರದ ಗಾತ್ರಕ್ಕೂ ಪಂಕ್ತಿಯ ಉದ್ದಕ್ಕೂ ಇರುವ ಸಂಬಂಧ, ಪಂಕ್ತಿಗಳ ನಡುವಣ ತೆರವು, ಅಂಚಿನ ಬಿಳುಪು ಮುಂತಾದುವನ್ನು ಶತಮಾನಗಳ ಅನುಭವದಿಂದ ಅಚ್ಚುಕೂಟದವರು ಬಲ್ಲವರಾಗಿದ್ದರು. ಯಂತ್ರವನ್ನು ಮಾರಿದವರು ಆ ಅನುಭವವನ್ನು ಪೆಟ್ಟಿಗೆಯಲ್ಲಿ ಇಟ್ಟು ಕೊಡಲಾರದವರಾಗಿದ್ದರು.

ಆದುದರಿಂದ ಒಳ್ಳೆಯ ಉಪಾಧ್ಯಾಯರು ಗುಂಡಿಗಳನ್ನು ಒತ್ತುವುದಕ್ಕಿಂತ ಮೊದಲು ಕಣ್ಣನ್ನು ತಿದ್ದಬೇಕೆಂಬುದನ್ನು ಕಂಡುಕೊಂಡರು. ಮೊದಲು ಬರಿಯ ಕಾಗದದ ಮೇಲೆ ಸೀಸದಕಡ್ಡಿಯಿಂದ ಪುಟದ ಚಿಕ್ಕ ನಕ್ಷೆಯನ್ನು ಬರೆಯಿಸುವುದು, ಅಂಕಣಗಳ ಅಗಲವನ್ನು ಗೊತ್ತುಮಾಡಿಸುವುದು, ಎರಡು ಬಗೆಯ ಅಕ್ಷರಗಳಿಗಿಂತ ಹೆಚ್ಚನ್ನು ಬಳಸದಂತೆ ನಿಯಮಿಸುವುದು, ಆ ಬಳಿಕವಷ್ಟೇ ಯಂತ್ರದ ಮುಂದೆ ಕುಳ್ಳಿರಿಸುವುದು ಅವರ ಕ್ರಮವಾಯಿತು. ಕ್ಯಾಲಿಫೋರ್ನಿಯದಲ್ಲಿ ಈ ವಿದ್ಯೆಯನ್ನು ಬೋಧಿಸುತ್ತಿದ್ದ ರಾಬಿನ್ ವಿಲಿಯಮ್ಸ್ ಎಂಬಾಕೆಯು ೧೯೯೪ರಲ್ಲಿ ಪ್ರಕಟಿಸಿದ ಪುಸ್ತಕವು ಸಾಮಾನ್ಯರಿಗೆಂದು ನಾಲ್ಕು ಸೂತ್ರಗಳನ್ನು ಹೇಳಿತು: ಬೇರೆಯಾದುದು ಸ್ಪಷ್ಟವಾಗಿ ಬೇರೆಯೆಂದು ಕಾಣಬೇಕು, ಒಮ್ಮೆ ಬಳಸಿದ ರೀತಿಯು ಮರಳಿ ಮರಳಿ ಬರಬೇಕು, ಪ್ರತಿಯೊಂದು ವಸ್ತುವೂ ಮತ್ತೊಂದರ ಗೆರೆಗೆ ಸೇರಿ ನಿಲ್ಲಬೇಕು, ಸಂಬಂಧವುಳ್ಳವು ಹತ್ತಿರವಿರಬೇಕು. ಹಳೆಯ ಅಚ್ಚುಕೂಟದ ಮೇಸ್ತ್ರಿಯು ಇದನ್ನು ಕೇಳಿದ್ದರೆ ಹೊಸದಾಗಿ ಕಲಿಯತಕ್ಕದ್ದು ಏನೂ ಇಲ್ಲವೆನ್ನುತ್ತಿದ್ದನು.

ಉಪಕರಣಕ್ಕಿಂತ ವಿವೇಕವು ಬಾಳುವುದೆಂಬುದಕ್ಕೆ ಪೇಜ್‌ಮೇಕರಿನ ಗತಿಯೇ ಸಾಕ್ಷಿಯು. ೧೯೯೪ರಲ್ಲಿ ಆಲ್ಡಸ್ ಸಂಸ್ಥೆಯು ಅಡೋಬಿಯೊಳಗೆ ಲೀನವಾಯಿತು. ೧೯೯೯ರಲ್ಲಿ ಇನ್‌ಡಿಸೈನ್ ಎಂಬ ಹೊಸ ತಂತ್ರಾಂಶವು ಬಂದಿತು. ೨೦೦೧ರಲ್ಲಿ ಬಂದ ಏಳನೆಯ ಆವೃತ್ತಿಯೇ ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿಯಾಯಿತು. ಯಾವ ಪಟ್ಟಿಯಲ್ಲಿ ಯಾವ ಆಜ್ಞೆಯಿದೆಯೆಂಬುದನ್ನು ಮಾತ್ರ ಕಂಠಪಾಠಮಾಡಿದ ವಿದ್ಯಾರ್ಥಿಯ ವಿದ್ಯೆಯು ಅದರೊಡನೆಯೇ ಹಳತಾಯಿತು. ಕರಡು ತಿದ್ದುವುದನ್ನೂ, ಅಳತೆಯನ್ನೂ, ಓದುವವನ ಕಣ್ಣು ಪುಟದ ಮೇಲೆ ಹರಿಯುವ ಬಗೆಯನ್ನೂ ಕಲಿತವನಿಗೆ ಹೊಸ ಉಪಕರಣವು ಕೆಲವು ವಾರಗಳ ಅಭ್ಯಾಸವಷ್ಟೇ.

ಕನ್ನಡನಾಡಿನಲ್ಲಿ ಈ ವಿದ್ಯೆಯು ಮತ್ತೊಂದು ತೊಡಕನ್ನು ಎದುರಿಸಿತು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಪ್ರಸಿದ್ಧವಾದ 'ಮಂಗಳೂರ ಸಮಾಚಾರ'ವನ್ನು ಹೆರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂದಿತು. ಬರೆದ ಅಕ್ಷರವೇ ಅಲ್ಲಿ ಅಚ್ಚಾಗುತ್ತಿದ್ದಿತು. ಮೊಳೆಗಳು ಬಂದ ಬಳಿಕ ಗುಣಿತಾಕ್ಷರ ಒತ್ತಕ್ಷರಗಳ ದೆಸೆಯಿಂದ ಕನ್ನಡದ ಮೊಳೆಪೆಟ್ಟಿಗೆಯು ಇಂಗ್ಲಿಷಿನದಕ್ಕಿಂತ ಎಷ್ಟೋ ದೊಡ್ಡದಾಯಿತು. ಅದನ್ನು ಕಲಿಯುವ ಕಾಲವೂ ಹಾಗೆಯೇ ದೀರ್ಘವಾಯಿತು. ಆದುದರಿಂದ ಇಲ್ಲಿಯ ಹೈಸ್ಕೂಲುಗಳಲ್ಲಿ ವಿದ್ಯಾರ್ಥಿಗಳ ಪತ್ರಿಕೆಯೆಂದರೆ ಬಹುಮಟ್ಟಿಗೆ ಕೈಬರಹದ ಪತ್ರಿಕೆ. ಅಂದವಾದ ಅಕ್ಷರವುಳ್ಳ ಹುಡುಗನೇ ಅದರ ಅಚ್ಚುಕೂಟ. ಗಣಕವು ಬಂದಾಗ ಈ ದೊಡ್ಡ ಪೆಟ್ಟಿಗೆಯನ್ನು ಇಂಗ್ಲಿಷಿನ ಚಿಕ್ಕ ಕೀಲಿಮಣೆಗೆ ಇಳಿಸುವುದೇ ಮೊದಲ ಕಾರ್ಯವಾಯಿತು. ಕೆ. ಪಿ. ರಾಯರು ಉಚ್ಚಾರಣೆಯನ್ನು ಅನುಸರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸವು ಆ ಕಾರ್ಯವನ್ನು ಬಹಳ ಹಗುರಮಾಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿಯೂ ಅದೇ ವಿನ್ಯಾಸವು ನೆಲೆಗೊಂಡಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ'ವು ಹೊರಬಂದು ಮನೆಮನೆಗೆ ಕನ್ನಡದ ಅಕ್ಷರಗಳನ್ನು ಒಯ್ದಿತು.

ಆದರೆ ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂತಹವು. ಫಾಂಟು ಇರುವವರೆಗೆ ಅದು ಕನ್ನಡ. ಫಾಂಟು ಇಲ್ಲದ ಗಣಕದಲ್ಲಿ ಅದೇ ಬರಹವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಭಾಷೆಗಳಿಗೂ ಪ್ರತ್ಯೇಕ ಸ್ಥಾನವನ್ನು ಕೊಡುವ ಯೂನಿಕೋಡಿನ ಏರ್ಪಾಟಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ಪೇಜ್‌ಮೇಕರು ಅದನ್ನು ಅರಿಯದುದರಿಂದ ಅಚ್ಚಿನ ಅಂಗಡಿಗಳು ಹಳೆಯ ಫಾಂಟುಗಳಿಗೇ ಬಹುಕಾಲ ಅಂಟಿಕೊಂಡವು. ಹತ್ತನೆಯ ತರಗತಿಯನ್ನು ಮುಗಿಸಿ ಡಿ.ಟಿ.ಪಿ. ಕಲಿಯಹೋದ ಹುಡುಗ ಹುಡುಗಿಯರು ಆ ಫಾಂಟುಗಳನ್ನೇ ಕಲಿತರು. ಕಾಗದದ ಮೇಲೆ ಇಳಿದ ಅವರ ಕೆಲಸವು ಈಗಲೂ ಓದಲು ಬರುವುದು. ಗಣಕದಲ್ಲಿ ಮಾತ್ರ ಉಳಿದುದನ್ನು ಪರಿವರ್ತಕಗಳ ನೆರವಿನಿಂದ ಬಿಡಿಸಿ ಓದಬೇಕಾಗಿದೆ. ಅಕ್ಷರದ ಚೆಲುವಿನೊಡನೆ ಅಕ್ಷರದ ಸಂಕೇತವನ್ನೂ ಕಲಿಸತಕ್ಕದ್ದೆಂಬ ಪಾಠವು ಇದರಿಂದ ದೊರೆಯುವುದು.

ಇನ್ನು ಆ ಎರಡು ಪುಟಗಳ ವಿಷಯಕ್ಕೆ ಬರುವುದಾದರೆ, ೧೯೮೮ರ ಜನವರಿ ೧೩ರಂದು ಸರ್ವೋಚ್ಚ ನ್ಯಾಯಾಲಯವು ಐವರು ನ್ಯಾಯಾಧೀಶರು ಒಂದು ಕಡೆ, ಮೂವರು ಮತ್ತೊಂದು ಕಡೆಯಾಗಿ ಶಾಲೆಯ ಪರವಾಗಿ ತೀರ್ಪಿತ್ತಿತು. ಕಾಲವಿರಲಿಲ್ಲವೆಂಬ ಪ್ರಿನ್ಸಿಪಾಲರ ಭಾವನೆಯು ಆ ಸಂದರ್ಭದಲ್ಲಿ ಯುಕ್ತವೆಂದು ಬಹುಮತವು ಒಪ್ಪಿತು. ಆ ಒಂದು ಕಾರಣವೇ ತೀರ್ಪಿನ ಆಧಾರವಾಗಿದ್ದರೆ ಗಣಕವು ಅದನ್ನು ಅಳಿಸಿಹಾಕುತ್ತಿದ್ದಿತು. ಎರಡು ಲೇಖನಗಳನ್ನು ತೆಗೆದು, ಉಳಿದ ನಾಲ್ಕನ್ನು ಬಿಟ್ಟು, ಪುಟವನ್ನು ಮರಳಿ ಕಟ್ಟಲು ಹೊಸ ಉಪಕರಣಕ್ಕೆ ಒಂದು ಗಂಟೆಯೂ ಬೇಡವಾಗಿದ್ದಿತು. ಆದರೆ ತೀರ್ಪಿನ ಬುಡವು ಬೇರೆಡೆಯಲ್ಲಿದ್ದಿತು. ಆ ಪತ್ರಿಕೆಯು ಪಾಠಕ್ರಮದ ಒಂದು ಅಂಗವು. ಪಾಠಕ್ರಮದ ಅಂಗವಾದುದನ್ನು ಬೋಧನೆಯ ಯುಕ್ತವಾದ ಉದ್ದೇಶಗಳಿಗಾಗಿ ಶಾಲೆಯು ನಿಯಂತ್ರಿಸಬಹುದು ಎಂಬುದೇ ಆ ಬುಡವು. ಯಾವ ತರಗತಿಯು ವಿದ್ಯಾರ್ಥಿಗಳ ಕೈಗೆ ಮುದ್ರಣವನ್ನು ಕೊಟ್ಟಿತೋ ಅದೇ ತರಗತಿಯ ಹೆಸರಿನಲ್ಲಿ ಆ ಮುದ್ರಣದ ಮೇಲಣ ಅಧಿಕಾರವು ಶಾಲೆಗೆ ದೊರೆಯಿತು.

ತೀರ್ಪಿನ ಬಳಿಕ ಕೆಲವು ಪ್ರಾಂತಗಳು ತಮ್ಮ ಶಾಸನಗಳ ಮೂಲಕ ವಿದ್ಯಾರ್ಥಿಗಳ ಪತ್ರಿಕೆಗಳಿಗೆ ರಕ್ಷಣೆಯನ್ನು ಕೊಟ್ಟವು. ೧೯೮೮ರಲ್ಲಿ ಮ್ಯಾಸಚೂಸೆಟ್ಸ್, ೧೯೮೯ರಲ್ಲಿ ಅಯೋವಾ, ೧೯೯೨ರಲ್ಲಿ ಕ್ಯಾನ್ಸಸ್, ೨೦೧೫ರಲ್ಲಿ ನಾರ್ತ್ ಡಕೋಟ ಇವುಗಳು ಆ ಸಾಲಿನವು. ಕ್ಯಾಲಿಫೋರ್ನಿಯದಲ್ಲಿ ಅಂತಹ ಶಾಸನವು ೧೯೭೭ರಿಂದಲೇ ಇದ್ದಿತು. ಪ್ರಿನ್ಸಿಪಾಲರ ಶಂಕೆಯು ಪೂರ್ತಿಯಾಗಿ ನಿರಾಧಾರವಾದುದೆಂದು ಹೇಳಲಾಗದು. ಗುರುತು ಬಯಲಾದರೆ ನೋಯುವವಳು ಆ ಹುಡುಗಿಯೇ, ಪ್ರತ್ಯುತ್ತರವಿಲ್ಲದೆ ಅಚ್ಚಾದ ದೂರು ನ್ಯಾಯವಾದುದಲ್ಲ. ಆದರೆ ಇವೆರಡೂ ಪತ್ರಿಕೋದ್ಯಮದ ತರಗತಿಯಲ್ಲಿ ಕಲಿಸತಕ್ಕ ವಿಷಯಗಳೇ ಆಗಿದ್ದವು. ಫ್ರೆನೆಯವರ ತರಗತಿಯಲ್ಲಿ ಯಾವ ಬರಹವು ಅಚ್ಚಾಗಬೇಕೆಂಬುದನ್ನು ಮಕ್ಕಳು ಕೂಡಿ ವಿಚಾರಿಸಿ, ತಿದ್ದಿ, ನಿರ್ಧರಿಸುತ್ತಿದ್ದರು. ಹೇಝಲ್‌ವುಡ್ಡಿನ ವಿದ್ಯಾರ್ಥಿಗಳಾದರೋ ಆ ವಿಚಾರದಲ್ಲಿ ಪಾಲುಗೊಳ್ಳಲೇ ಇಲ್ಲ. ಸಂಚಿಕೆಯು ಅವರ ಕೈಗೆ ಬಂದಾಗ ಅದರಲ್ಲಿ ನಾಲ್ಕೇ ಪುಟಗಳಿದ್ದವು.